ವಾಸನೆ ಕುಡಿದ ಫಿಲ್ಮು

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಆ ಮೂರು ವಾರವಂತೂ ಅದು ಅಲ್ಲಿಂದ ಕೆಳಗಿಳಿದೇ ಇರಲಿಲ್ಲ.

ನಮ್ಮ ಕೆಲಸ ಕೇಳುವುದಕ್ಕೆ ಸುಲಭ. ಅಂಗೈ ಅಗಲದ ಪಾಲಿಮರ್ ಫಿಲ್ಮನ್ನು, ಅಂದರೆ ತೆಳು ಪ್ಲಾಸ್ಟಿಕ್ ಹಾಳೆಯನ್ನು, ಗಾಜಿನ ಪೆಟ್ಟಿಗೆಯೊಳಗಿಟ್ಟು, ಶುದ್ಧ ಗಾಳಿಯ ಜೊತೆ ಚೂರು ಓಝೋನ್ ಬಿಟ್ಟು, ಅಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಯಂತ್ರದಿಂದ ಎಣಿಸಬೇಕು. ಬರೀ ಫಿಲ್ಮಿದ್ದರೆ ಎಣಿಕೆ ಸೊನ್ನೆಯ ಆಸುಪಾಸಿನಲ್ಲಿರಬೇಕು. ನಮ್ಮದು ಸಾವಿರ ದಾಟುತ್ತಿತ್ತು. ಪೆಟ್ಟಿಗೆ ಮಾಡಿದವರೂ ತೊಳೆಯುವವರೂ ಗಾಜಿನ ಕೆಲಸದ ಹಿರಿಯರೊಬ್ಬರೇ. ಇಡೀ ಲ್ಯಾಬಿಗೆ ಅವರು ಗಾಜಿನ ಮಾವ. ದಿನಾ ಬೆಳಿಗ್ಗೆ ಎಲ್ಲರೆದುರು ಅವರನ್ನು "ಕೈ ತೊಳ್ಕೊಂಡ್ರಾ?" ಎಂದು ಕೇಳುತ್ತಿದ್ದೆ. ಕೊನೆಗೆ, ಇವರ ಕೊಳಕು ಕೈಯಿಂದಲೇ ಪ್ರಯೋಗ ಕೆಡುತ್ತಿದೆ ಎಂದು ಲ್ಯಾಬಿನ ಮುಖ್ಯಸ್ಥರಾದ ಸರ್‌ಗೆ ಬರೆದುಕೊಟ್ಟೆ. ಇಪ್ಪತ್ತಾರು ವರ್ಷ ಗಾಜು ಊದಿದವರನ್ನು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಉಗ್ರಾಣದ ಕೆಲಸಕ್ಕೆ ಹಾಕುವುದೆಂದು ತೀರ್ಮಾನವಾಯಿತು.

ಆ ದಿನ ಹತ್ತೂಮುಕ್ಕಾಲಿಗೆ ಮಾವ ತಮ್ಮ ಕೋಣೆಯ ಬೀಗದಕೈ ಒಪ್ಪಿಸಲು ಬಂದರು. ಅವರ ಮುಖ ನೋಡಲಾಗದೆ ಮೇಜಿನ ಡ್ರಾಯರ್ ಎಳೆದೆ.

"ಕಿತ್ತಳೆ ಹಣ್ಣು ಇಟ್ಟಿದ್ದೀರೇನಮ್ಮಾ?" ಮಾವ ಮೂಗರಳಿಸಿದರು.

"ಎಲ್ಲಿಯ ಹಣ್ಣು ಮಾವ? ಕೈಗೆ ಹಚ್ಚೋ ಕ್ರೀಮು, ಅಕ್ಕ ಕೊಟ್ಟಿದ್ದು..."

ಡ್ರಾಯರಿನೊಳಗೆ ಬಗ್ಗಿ ನೋಡಿದೆ. ಮುಚ್ಚಳ ಸಡಿಲವಾಗಿದ್ದ ಕ್ರೀಮಿನ ಪಕ್ಕದಲ್ಲೇ ನಾನು ಕತ್ತರಿಸಿಟ್ಟಿದ್ದ ಫಿಲ್ಮಿನ ತುಂಡುಗಳು! ಕಿತ್ತಳೆ ವಾಸನೆಗೆ ಓಝೋನ್ ತಗುಲಿದರೆ ಕಣ ಹುಟ್ಟುತ್ತದೆ, ಅದು ಗೊತ್ತಿದ್ದ ಪಾಠವೇ. ಆದರೆ ಫಿಲ್ಮು ಆ ವಾಸನೆಯನ್ನು ಕುಡಿದು, ಒಳಗೆ ಬಚ್ಚಿಟ್ಟುಕೊಂಡು... ಅಯ್ಯೋ ದೇವರೇ!

"ಮಾವ, ಹೋಗ್ಬೇಡಿ! ಫಿಲ್ಮಿನ ಹೊಸ ಸುರುಳಿ ಬಿಚ್ಚಿ. ನೀವೇ ಕತ್ತರಿಸಿ, ನಾನು ಮುಟ್ಟಲ್ಲ!"

"ಕೊಳಕು ಕೈಯಲ್ವಾ ನಂದು?"

"ಚುಚ್ಚೋದು ಆಮೇಲೆ ಮಾವ, ಟೈಮಿಲ್ಲ!"

ಹೊಸ ತುಂಡು ಒಳಗೆ ಹೋಯಿತು, ಓಝೋನ್ ಬಿಟ್ಟೆ. ಎಣಿಕೆ ಎರಡು. ಮೂರು. ಮತ್ತೆ ಎರಡು. ಆಮೇಲೆ ಮಾವ ಚಿಮಟದಲ್ಲಿ ಡ್ರಾಯರಿನ ತುಂಡನ್ನು ಹಿಡಿದು ಅದೇ ಪೆಟ್ಟಿಗೆಯಲ್ಲಿಟ್ಟರು. ಮತ್ತೆ ಓಝೋನ್ ಬಿಟ್ಟೆ. ನಲವತ್ತು. ಒಂಬೈನೂರು. ನಾಲ್ಕು ಸಾವಿರ!

"ಏರ್ತಾ ಇದೆ ನೋಡ್ರೀ!" ಮಾವ ಮೇಜು ಗುದ್ದಿದರು. ನಾನು ನಿಂತಲ್ಲೇ ಕುಣಿದೆ. ಇಷ್ಟು ದಿನ ಗಾಳಿಯನ್ನಷ್ಟೇ ಅನುಮಾನಿಸಿದ್ದೆವು, ಫಿಲ್ಮಿನ ಮೈಯನ್ನು ಯಾರೂ ವಿಚಾರಿಸಿರಲಿಲ್ಲ. ಹಾಗಾದರೆ ಮನೆಮನೆಯ ಪ್ಲಾಸ್ಟಿಕ್ ಪರದೆ, ಹೊದಿಕೆ ಏನೇನು ಬಚ್ಚಿಟ್ಟುಕೊಂಡಿವೆಯೋ!

ಸರಿಯಾಗಿ ಹನ್ನೆರಡಕ್ಕೆ ಸರ್ ಆದೇಶದ ಕಾಗದ ಹಿಡಿದು ಬಂದರು.

"ಸರ್, ಪೆಟ್ಟಿಗೆ ಮೊದಲಿಂದಲೂ ಚೊಕ್ಕಟವಾಗೇ ಇತ್ತು. ಕೊಳೆ ಇದ್ದದ್ದು ನನ್ನ ಡ್ರಾಯರಲ್ಲಿ. ನಾನು ಬರೆದದ್ದು ಶುದ್ಧ ಸುಳ್ಳು."

ಸರ್ ಯಂತ್ರದ ಪರದೆಯ ಮೇಲಿನ ಎಣಿಕೆ ನೋಡಿದರು, ನನ್ನನ್ನು ನೋಡಿದರು, ಕಾಗದವನ್ನು ನಾಲ್ಕಾಗಿ ಹರಿದು ಕುರ್ಚಿ ಎಳೆದುಕೊಂಡರು. "ಇನ್ನೊಂದ್ಸಲ ಮಾಡಿ, ನನ್ನೆದುರಿಗೆ."

ಮಾವ ಬೀಗದಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ನನ್ನ ಕಣ್ಣು ತುಂಬಿತು. "ತಪ್ಪಾಯ್ತು ಮಾವ" ಎನ್ನುತ್ತಾ ಹೊಸ ತುಂಡಿಗೆ ಕೈ ಚಾಚಿದೆ.

ಮಾವ ಅದನ್ನು ಮೆಲ್ಲಗೆ ಆಚೆ ಸರಿಸಿದರು.

"ಕೈ ತೊಳ್ಕೊಂಡ್ರಾ?"

ಓಡಿದೆ. ಮೊಣಕೈವರೆಗೂ ತೊಳೆದುಕೊಂಡು ಬಂದೆ.