ರೆಪ್ಪೆಯಿಲ್ಲದ ಕ್ಯಾಮೆರಾ

ನನ್ನ ಗಂಡ ಹಿಂದಕ್ಕೆ ನಡೆಯುವ ಮನುಷ್ಯ. ಕೊನೆಯ ದಿನವೂ ಹಾಗೆಯೇ ನಡೆದರು. ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆದು, ಬಿಳಿ ಪರದೆ ಇಳಿಸಿ, ಅದರ ಮುಂದೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಕಣ್ಣಿಟ್ಟುಕೊಂಡೇ ಒಂದೊಂದು ಹೆಜ್ಜೆ ಹಿಂದೆ ಸರಿದರು. ಹಿಮ್ಮಡಿ ಗೋಡೆಗೆ ತಾಗಿದಾಗ ನಿಂತರು. ನಲವತ್ತಮೂರು ವರ್ಷ ತಾಗಿ ತಾಗಿ ಆ ಗೋಡೆಯಲ್ಲಿ ಗುಳಿ ಬಿದ್ದಿದೆ. ಬೀದಿಯಲ್ಲೂ ಅಷ್ಟೇ. ಯಾರಾದರೂ ಮಾತಾಡಿಸಿದರೆ ಸಾಕು, ಅವರು ಅಡಿಯಿಂದ ಮುಡಿಯವರೆಗೆ ಕಣ್ಣಿಗೆ ಸಿಗುವ ತನಕ ಹಿಂದೆ ಹಿಂದೆ ಹೋಗುವರು. ಎರಡು ಸಲ ಚರಂಡಿಗೆ ಬಿದ್ದಿದ್ದರು. "ಈ ಮೊರಿಯ ಯಸುಕಿಚಿ ಒಂದಿನ ಹಿಂದಕ್ಕೆ ನಡೀತಾ ನಡೀತಾ ಸುವಾ ಸರೋವರಕ್ಕೇ ಹೋಗಿ ಬೀಳ್ತಾನೆ" ಎಂದು ಊರವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮದುವೆಯ ಫೋಟೋ, ಶಾಲೆಯ ಫೋಟೋ ಎಲ್ಲ ತೆಗೆಯುತ್ತಿದ್ದರು. ಹೆಸರು ಬಂದದ್ದು ಮಾತ್ರ ಸಾವಿನ ಪಟಗಳಿಂದ. ನಮ್ಮಲ್ಲಿ ವಯಸ್ಸಾದವರು ಮಕ್ಕಳಿಗೆ ತೊಂದರೆ ಬೇಡವೆಂದು ತಾವೇ ಬಂದು, ಸತ್ತ ಮೇಲೆ ದೇವರಗೂಡಿನ ಹತ್ತಿರ ಇಡುವ ಪಟವನ್ನು ಮೊದಲೇ ತೆಗೆಸಿಟ್ಟುಕೊಳ್ಳುತ್ತಾರೆ. ತೆಗೆಸಿಕೊಳ್ಳದೆ ತೀರಿಹೋದವರ ಮನೆಯವರು ಯಾವುದೋ ಹಳೆಯ ಫೋಟೋ ಹಿಡಿದು ಬಂದರೆ, ಇವರು ತಲೆ ಮಾತ್ರ ಕತ್ತರಿಸಿ, ಕಪ್ಪು ಕಿಮೋನೊ ತೊಟ್ಟ ಮುಂಡಕ್ಕೆ ಅಂಟಿಸಿ ಕೊಡುವರು. ಮುಂಡಗಳು ಡ್ರಾಯರಿನಲ್ಲಿದ್ದವು: ಗಂಡಸಿನವು ಎರಡು, ಹೆಂಗಸಿನದು ಒಂದು. ಊರಿನ ಅರ್ಧ ಗಂಡಸರು ಒಬ್ಬನೇ ಮರದ ವ್ಯಾಪಾರಿಯ ಮೈ ಹೊತ್ತುಕೊಂಡು ಸ್ವರ್ಗಕ್ಕೆ ಹೋಗಿದ್ದಾರೆ.

ಮುಖದ ಮೇಲೆ ಕಲೆ ಕಂಡರೆ ಮನೆಯವರನ್ನು ಕೇಳುವರು: "ಇದು ಧೂಳಾ, ಅವರದ್ದಾ?" ಧೂಳಾದರೆ ಸಣ್ಣ ಕುಂಚದಿಂದ ಅಳಿಸುವರು. ಮಚ್ಚೆಯೋ ಗಾಯದ ಗುರುತೋ ಆದರೆ ಮುಟ್ಟುತ್ತಿರಲಿಲ್ಲ. ಸತ್ತವರ ಮಗಳು ಬಂದು ಕಾಲು ಹಿಡಿದರೂ ಮುಟ್ಟುತ್ತಿರಲಿಲ್ಲ.

ಆ ಕೊನೆಯ ದಿನದ ಹಿಂದಿನ ಸಂಜೆ ಕಸಹರ ಹೊಸ ಕ್ಯಾಮೆರಾ ತಂದುಕೊಟ್ಟಿದ್ದ. ಅವನು ಇವರ ಶಿಷ್ಯ. ಪಕ್ಕದ ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದಾನೆ, ಈಗ ಅವನಿಗೇ ಮೊಮ್ಮಕ್ಕಳು. "ಗುರುಗಳೇ, ಆ ಹಳೇದನ್ನ ಹೊತ್ತು ಹೊತ್ತು ನಿಮ್ಮ ಕುತ್ತಿಗೆ ಬಗ್ಗಿ ಹೋಗಿದೆ. ಇದು ಹಗುರ. ಲೆನ್ಸು ಬೇರೆ ಬೇರೆ ಹಾಕ್ಕೋಬಹುದು" ಎಂದ. ಇವರು ಅಂಗೈಯಲ್ಲಿ ತೂಗಿದರು. ನಂಬಿಕೆ ಬರಲಿಲ್ಲ. ಅಡಿಗೆಮನೆಗೆ ತಂದು ತಕ್ಕಡಿಯಲ್ಲಿಟ್ಟರು. ಅರ್ಧ ಮೂಲಂಗಿಗಿಂತ ಕಡಿಮೆ ಇತ್ತು.

ಬೆಳಿಗ್ಗೆ ಅದರ ಪರೀಕ್ಷೆ ಶುರುವಾಯಿತು.

"ಕಣ್ಣಿಡೋ ತೂತೇ ಇಲ್ವಲ್ಲೇ ಇದಕ್ಕೆ!"

ಹಿಂದೆ ಒಂದು ಸಣ್ಣ ಪರದೆ, ಅಷ್ಟೇ. ಅದು ಕಾಣಬೇಕಾದರೆ ಕನ್ನಡಕ ಬೇಕು, ಕನ್ನಡಕ ಹಾಕಿದರೆ ಎದುರಿಗಿರುವವರು ಮಬ್ಬು. ಪತ್ರಿಕೆ ಓದುವ ಮುದುಕನ ಹಾಗೆ ಕೈ ಚಾಚಿ ಹಿಡಿದು ಒಂದು ಫೋಟೋ ತೆಗೆದರು. ಹಳೆಯದು ಕದ ಹಾಕಿದ ಹಾಗೆ ಸದ್ದು ಮಾಡುತ್ತಿತ್ತು. ಇದು ಬಟಾಣಿಕಾಯಿ ಮುರಿದ ಹಾಗೆ ಚಿಕ್ ಎಂದಿತು. "ಬಂತಾ?" ಎಂದು ನನ್ನನ್ನು ಕೇಳಿದರು, ನನಗೆ ಗೊತ್ತಿರುವವಳ ಹಾಗೆ.

ಆಮೇಲೆ ಲೆನ್ಸು ತಿರುಗಿಸಿ ಬಿಚ್ಚಿದರು. ಒಳಗೆ ಇಣುಕಿದರು. ಹಳೆಯ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತದೆ, ಅದರ ಹಿಂದೆ ತೆರೆದು ಮುಚ್ಚುವ ಕದ. ಇದರಲ್ಲಿ ಏನೂ ಇಲ್ಲ. ಒಂದು ಚೂರು ಗಾಜು, ಎಣ್ಣೆ ಬಿದ್ದ ನೀರಿನ ಬಣ್ಣದ್ದು, ನಮ್ಮನ್ನೇ ನೋಡುತ್ತಿತ್ತು.

"ರೆಪ್ಪೆಯೇ ಇಲ್ಲ" ಎಂದರು. ಹುಟ್ಟುಕುರುಡು ಮಗುವನ್ನು ಕಂಡವರ ದನಿ. ಇನ್ನೊಂದು ಲೆನ್ಸು ತರಲು ಒಳಗೆ ಹೋದರು.

ನಾನು ಹೆಚ್ಚು ಓದಿದವಳಲ್ಲ. ಹದಿನೈದಕ್ಕೆ ಶಾಲೆ ಬಿಟ್ಟು, ಸರೋವರದ ಆಚೆ ದಡದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಲೆನ್ಸು ಉಜ್ಜಿದವಳು. ಅಲ್ಲಿ ಕಲಿಸಿದ್ದು ಒಂದೇ: ಗಾಜು ಕಂಡರೆ ಉಸಿರು ಬಿಡು. ಮಂಜು ಒಂದೇ ಸಮ ಆರಿದರೆ ಗಾಜು ಚೊಕ್ಕ, ತೇಪೆ ತೇಪೆಯಾಗಿ ಆರಿದರೆ ಜಿಡ್ಡಿದೆ. ಮೇಜಿನ ಮೇಲೆ ಬಾಯಿ ತೆರೆದುಕೊಂಡಿದ್ದ ಕ್ಯಾಮೆರಾದೊಳಗಿನ ಆ ಗಾಜನ್ನು ನೋಡಿದೆ. ಬಗ್ಗಿ, ಹಾ ಎಂದು ಉಸಿರು ಬಿಟ್ಟೆ. ಏಪ್ರನ್ನಿನ ತುದಿಯಿಂದ ಒರಸಿದೆ.

ಅವರು ಬಾಗಿಲಲ್ಲಿ ನಿಂತಿದ್ದರು.

"ಲೇ ಫುಸಾ! ಅದರ ಕಣ್ಣೊಳಗೇ ಉಸಿರು ಬಿಟ್ಟೆಯಲ್ಲೇ!"

"ಕಣ್ಣಿಗೆ ಏನಾದ್ರೂ ಬಿದ್ರೆ ಊದಲ್ವಾ? ಉಗುಳಲಿಲ್ಲ ತಾನೇ?"

"ಅದಕ್ಕೆ ಧೂಳು ತಾಗಬಾರದು ಅಂತ ಕಸಹರ ಹತ್ತು ಸಲ ಹೇಳಿ ಹೋಗಿದ್ದಾನೆ. ನೀನು ಮೀಸೋ ಸಾರು ಮೆತ್ತಿದ ಏಪ್ರನ್ನಿಂದ ಒರಸ್ತಾ ಇದ್ದೀಯ!"

ಲೆನ್ಸು ಮತ್ತೆ ಹಾಕಿ, ಬಿಳಿ ಪರದೆಯ ಫೋಟೋ ತೆಗೆದು ನೋಡಿದರು. ಮೇಲೆ ಒಂದು ಪಕ್ಕಕ್ಕೆ ಕಲೆ. ಹುರುಳಿಕಾಳಿನಷ್ಟು, ಬೂದಿ ಬಣ್ಣದ್ದು. ಇನ್ನೊಂದು ತೆಗೆದರು. ಅಲ್ಲೇ ಕಲೆ. ಹನ್ನೊಂದು ಗಂಟೆಗೆ ಉಶಿಯಾಮ ಅಜ್ಜಿ ಸಾವಿನ ಪಟಕ್ಕೆ ಬರುವವಳಿದ್ದಳು. ಕಲೆ ಅವಳ ಮುಖದ ಮೇಲೆ ಬೀಳುತ್ತದೋ ಪಕ್ಕಕ್ಕೆ ಬೀಳುತ್ತದೋ ತಿಳಿಯಬೇಕಿತ್ತು.

"ನೀನೇ ಹಿಡಿ. ನಾನು ಕೂರ್ತೀನಿ" ಎಂದರು.

ಆ ಕುರ್ಚಿಯಲ್ಲಿ ಅವರು ಕೂತದ್ದು ಅದೇ ಮೊದಲು. ಅದೇ ಕಂದು ಕೋಟು, ಲೆನ್ಸು ಹಾಕಿ ಹಾಕಿ ಬಲಗಡೆಯ ಜೇಬು ಮೊಣಕಾಲಿನವರೆಗೆ ಜೋತಿತ್ತು. ಕೈ ಎಲ್ಲಿಡುವುದೆಂದು ಗೊತ್ತಾಗದೆ ಒದ್ದಾಡಿದರು. ಸಾವಿರ ಜನರಿಗೆ ಕೈ ಎಲ್ಲಿಡಬೇಕೆಂದು ಹೇಳಿಕೊಟ್ಟವರು.

"ರೀ, ಎಲ್ಲಿ ನೋಡಲಿ?"

"ನನ್ನ ನೋಡೇ! ಒತ್ತು. ಹಿಟ್ಟು ಕುಟ್ಟೋ ಹಾಗಲ್ಲ, ಮೆತ್ತಗೆ. ಒತ್ತೇ—"

ಚಿಕ್.

ಕಲೆ ಎಡಗಿವಿಯ ಪಕ್ಕಕ್ಕೆ ಬಿದ್ದಿತ್ತು. "ಅಜ್ಜಿ ಬಚಾವ್" ಎಂದರು.

ಉಶಿಯಾಮ ಅಜ್ಜಿ ಬಂದು ಕೂತಳು. ಇವರು ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು ನಿಂತರು. ಅಜ್ಜಿ ಇವರ ಮುಖವನ್ನೇ ದಿಟ್ಟಿಸಿದಳು. "ಅಯ್ಯೋ ಮೊರಿಯ ಸಾನ್, ನಿನಗೂ ಒಂದು ಮುಖ ಇದೆಯಾ! ನನ್ನ ಮಗಳ ಮದುವೆಯಿಂದ ಹಿಡಿದು ಮೊಮ್ಮಗನ ಶಾಲೆ ಫೋಟೋ ತನಕ ಆ ಕಪ್ಪು ಡಬ್ಬಿಗೇ ಹಲ್ಲು ಕಿರೀತಾ ಬಂದೆನಲ್ಲ!" ಎಂದು ನಕ್ಕಳು. ಇವರ ಕಿವಿ ಕೆಂಪಾಯಿತು. ಎಪ್ಪತ್ತೊಂದರ ಗಂಡಸು ಹುಡುಗಿಯ ಹಾಗೆ ನಾಚಿ, ಎರಡು ಹೆಜ್ಜೆ ಹಿಂದೆ ಹೋಗಿ, ಗೋಡೆಗೆ ತಲೆ ಹೊಡೆಸಿಕೊಂಡರು.

ಸಂಜೆ ಊಟದ ಹೊತ್ತಿಗೆ ಕ್ಯಾಮೆರಾ ಉಪ್ಪಿನಲ್ಲಿ ನೆನೆಹಾಕಿದ ಸೊಪ್ಪಿನ ಬಟ್ಟಲಿನ ಪಕ್ಕದಲ್ಲಿತ್ತು. "ಹೇಗಿದೆ ಕೊನೆಗೆ?" ಎಂದೆ. ಸ್ವಲ್ಪ ಅಗಿದು ಹೇಳಿದರು: "ಕೆಟ್ಟದ್ದಲ್ಲ. ನಾಚಿಕೆ ಇಲ್ಲ ಅಷ್ಟೇ. ತೆಗೆಯೋನನ್ನೂ ಬಯಲಿಗೆ ನಿಲ್ಲಿಸ್ತದೆ."

ಮರುದಿನ ಬೆಳಿಗ್ಗೆ ಪತ್ರಿಕೆ ತರಲು ಬಾಗಿಲಿಗೆ ಹೋದರು. ದಡ್ ಎಂದು ಕೇಳಿತು. ಸಾರು ಉಕ್ಕುತ್ತದೆಂದು ಒಲೆ ಆರಿಸಿ ಹೋದೆ. ಮೊದಲು ಒಲೆ ಆರಿಸಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮುಂದಕ್ಕೆ ಬಿದ್ದಿದ್ದರು. ಕೆನ್ನೆಯ ಕೆಳಗೆ ಪತ್ರಿಕೆ. ಇಡೀ ಊರು ಹಿಂದಕ್ಕೆ ಬೀಳುತ್ತಾರೆಂದು ಕಾದಿತ್ತು. "ಏಳಿ, ಚಳಿ" ಎಂದೆ. ಇನ್ನೊಮ್ಮೆ ಎಂದೆ. ಮಂಜು ಬಿದ್ದ ಮೆಟ್ಟಿಲು. ನನ್ನ ಬಾಯಿಯಿಂದ ಹೊಗೆ ಬರುತ್ತಿತ್ತು, ಅವರ ಬಾಯಿಯಿಂದ ಬರುತ್ತಿರಲಿಲ್ಲ. ಲೆನ್ಸು ಉಜ್ಜಿದವಳಿಗೆ ಅಷ್ಟು ಸಾಕಾಯಿತು.

ಸಂಜೆಯೊಳಗೆ ಪಟ ಬೇಕಿತ್ತು. ಮರುದಿನ ರಾತ್ರಿ ಜನ ಬಂದು ಧೂಪ ಹಾಕುವುದು ಅದರ ಮುಂದೆಯೇ. ಕಸಹರ ನಲವತ್ತಮೂರು ವರ್ಷದ ಡಬ್ಬಿಗಳನ್ನು ತೆಗೆದು ಹುಡುಕಿದ. ಇಡೀ ಊರು ಇತ್ತು, ಇವರಿರಲಿಲ್ಲ. ನಮ್ಮ ಮದುವೆಯ ಫೋಟೋ ಒಂದು, ಇಪ್ಪತ್ತೆಂಟರ ಮುಖ. ಆಮೇಲೆ ನನಗೆ ಹೊಸ ಕ್ಯಾಮೆರಾ ನೆನಪಾಯಿತು.

ಕಸಹರ ಅದರಲ್ಲಿದ್ದ ಇವರ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ಕಂದು ಕೋಟು, ಜೋತ ಜೇಬು, ಬಾಯಿ ತೆರೆದಿದೆ, ನನ್ನನ್ನು ಬೈಯುತ್ತಿದ್ದಾರೆ.

ಇವರ ಅಕ್ಕ ಇಸೊ ಹಿಂದೆ ನಿಂತಿದ್ದಳು. "ಛೀ. ಬಾಯಿ ತೆರೆದವನ ಮುಂದೆ ಯಾರಾದ್ರೂ ಕೈ ಮುಗೀತಾರಾ? ಊರಿಗೆಲ್ಲ ಕಿಮೋನೊ ತೊಡಿಸಿದೋನಿಗೆ ಒಂದು ಕಿಮೋನೊ ಇಲ್ವಾ? ಡ್ರಾಯರಿಂದ ತೆಗೀರಿ. ಬಾಯಿನೂ ಮುಚ್ಚಿಸಿ, ಈಗ ಅದೆಲ್ಲ ಆಗ್ತದಂತೆ."

"ಆಗ್ತದೆ" ಎಂದ ಕಸಹರ, ನನ್ನ ಕಡೆ ನೋಡದೆ.

"ಆ ಮರದ ವ್ಯಾಪಾರಿಯ ಮೈ ಜೊತೆ ನಾನು ಬಾಳಿಲ್ಲ, ಅತ್ತಿಗೆ" ಎಂದೆ. "ಬಾಯಿ ಹಾಗೇ ಇರಲಿ. ಅದು ನನಗೆ ಹೇಳ್ತಾ ಇರೋ ಮಾತು."

ಇಸೊ ಎದ್ದು ಹೋದಳು. ಕಸಹರ ಕಂಪ್ಯೂಟರಿನ ಪರದೆಯ ಹತ್ತಿರ ಬಗ್ಗಿದ. ಎಡಗಿವಿಯ ಪಕ್ಕದಲ್ಲಿ ಬೆರಳಿಟ್ಟ. ಗುರುವಿನ ದನಿಯೇ ಅವನಿಗೆ ಬಂದಿತ್ತು, ಅವನಿಗೆ ಗೊತ್ತಾಗಲಿಲ್ಲ.

"ಅಮ್ಮಾ, ಇದು ಧೂಳಾ, ಅವರದ್ದಾ?"

"ನನ್ನದು" ಎಂದೆ. "ಬಿಡು."

ಕೆಲವರು ಎದುರಿನವರಿಗೆ ಜಾಗ ಬಿಡುವುದಕ್ಕೇ ಹುಟ್ಟಿರುತ್ತಾರೆ. ನಾವು ಪೂರ್ತಿ ಕಾಣಲಿ ಎಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾರೆ. ನಾವು ಚೆನ್ನಾಗಿ ಕಾಣುತ್ತೇವೆ, ಹೊಗಳಿಸಿಕೊಳ್ಳುತ್ತೇವೆ. ಅವರು ಎಷ್ಟು ದೂರ ಸರಿದರೆಂದು ನೋಡುವ ಹೊತ್ತಿಗೆ ಗೋಡೆಯಲ್ಲಿ ಹಿಮ್ಮಡಿಯ ಗುಳಿ ಮಾತ್ರ ಇರುತ್ತದೆ. ಅಂಥವರನ್ನು ಒಂದು ಸಲವಾದರೂ ಕುರ್ಚಿಯಲ್ಲಿ ಕೂರಿಸಬೇಕು. ನಾನು ಕೂರಿಸಿದ್ದು ತಪ್ಪು ಮಾಡಿ.

ಬೆಳಿಗ್ಗೆ ಅನ್ನದ ಮೊದಲ ತುತ್ತನ್ನೂ ಬಿಸಿ ಚಹಾವನ್ನೂ ಪಟದ ಮುಂದೆ ಇಡುತ್ತೇನೆ. ಆಮೇಲೆ ಪಟದ ಗಾಜಿನ ಹತ್ತಿರ ಬಾಯಿ ಒಯ್ದು, ಹಾ ಎನ್ನುತ್ತೇನೆ. ಅವರು ಮಂಜಿನೊಳಗೆ ಹೋಗುತ್ತಾರೆ. ಏಪ್ರನ್ನಿನ ತುದಿಯಿಂದ ಒರಸುತ್ತೇನೆ, ಬೈಯುತ್ತಲೇ ಹೊರಗೆ ಬರುತ್ತಾರೆ. ಮಂಜು ಒಂದೇ ಸಮ ಆರುತ್ತದೆ. ಗಾಜು ಚೊಕ್ಕವಾಗಿದೆ. ಕಲೆ ಒಳಗಿದೆ.