ಹೊತ್ತಿಗೆ ಬಂದವರು

ಚನ್ನಕೇಶವಗೌಡರ ಬಾಯಲ್ಲಿ ಒಂದು ಮಾತಿತ್ತು. ಯಾರೇ ಬರಲಿ, ಯಾವ ಕೆಲಸಕ್ಕೇ ಬರಲಿ, ಹೊರಡುತ್ತೇನೆ ಎಂದು ಎದ್ದು ನಿಂತರೆ ಸಾಕು, "ಊಟ ಮಾಡ್ಕೊಂಡು ಹೋಗಿ ಮಾರಾಯ್ರೆ" ಎಂದುಬಿಡುತ್ತಿದ್ದರು. ಮೂಡಿಗೆರೆ ಹತ್ತಿರದ ಅವರ ತೋಟದಲ್ಲಿ ಆ ಮಾತಿಗೆ ಎಂದೂ ಅಡ್ಡಿ ಬಂದದ್ದಿಲ್ಲ. ಗೊಬ್ಬರದ ಏಜೆಂಟಿನಿಂದ ಹಿಡಿದು ದಾರಿ ತಪ್ಪಿ ಬಂದ ಜೀಪಿನ ಡ್ರೈವರ್‌ವರೆಗೆ ಎಲ್ಲರೂ ಆ ಜಗಲಿಯಲ್ಲಿ ಉಂಡು ಕೈತೊಳೆದವರೇ. ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ ಮನೆ ಉದ್ಧಾರವಾಗುವುದಿಲ್ಲ ಎಂದು ಅವರ ಅವ್ವ ಹೇಳುತ್ತಿದ್ದರು. ಅವ್ವ ಹೋದರು, ಹೆಂಡತಿ ಹೋದರು, ಕಾಫಿ ರೇಟು ಪಾತಾಳಕ್ಕೆ ಬಿದ್ದ ಮೇಲೆ ತೋಟವೂ ಹೋಯಿತು. ಮಾತು ಮಾತ್ರ ಹೋಗಲಿಲ್ಲ.

ತೋಟ ಮಾರಿ ಉಳಿದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು, ಎರಡು ಸಾವಿರದ ಮೂರರ ಸಂಕ್ರಾಂತಿ ಕಳೆದ ಮೇಲೆ ಗೌಡರು ಚಿಕ್ಕಮಗಳೂರಿನ ಹೊರವಲಯದ 'ಹದಿನಾರು ಮನೆ'ಗೆ ಬಂದು ಸೇರಿದರು. ಬೋರ್ಡಿನ ಮೇಲೆ ಅದಕ್ಕೆ ಹಿರಿಯರ ವಸತಿ ಎಂದು ಉದ್ದನೆಯ ಹೆಸರಿತ್ತು. ಜವಳಿ ವ್ಯಾಪಾರಿಯೊಬ್ಬರ ಟ್ರಸ್ಟು ಕಟ್ಟಿಸಿದ ಹದಿನಾರು ಪುಟ್ಟ ಮನೆಗಳು, ನಡುವೆ ಒಂದು ಮೆಸ್ಸು. ಇಬ್ಬರು ಹೆಣ್ಣುಮಕ್ಕಳೂ ನಮ್ಮಲ್ಲೇ ಇರಿ ಎಂದು ಕರೆದಿದ್ದರು. ಆದರೆ ಬೀಗರ ಮನೆಯ ಸೋಫಾದ ಮೇಲೆ ಕೂತು, ಯಾರಾದರೂ ಊಟಕ್ಕೆ ಕರೆಯಲಿ ಎಂದು ಕಾಯುವ ಜಾಯಮಾನ ಗೌಡರದ್ದಲ್ಲ. ಇಲ್ಲಾದರೆ ತಮ್ಮ ಬಾಗಿಲು, ತಮ್ಮ ಬೀಗ. ಟ್ರಸ್ಟಿನವರ ಕಟ್ಟುನಿಟ್ಟಿಗೆ ತಲೆಬಾಗಿ, ಕೋಳಿಸಾರಿಲ್ಲದ ಊಟವನ್ನೂ ಊಟವೆಂದು ಒಪ್ಪಿಕೊಂಡಿದ್ದರು. ಇದಕ್ಕಿಂತ ದೊಡ್ಡ ತ್ಯಾಗ ಬೇಕೇ?

ಮೆಸ್ಸಿನ ಲೆಕ್ಕ ಬಹಳ ಸರಳ. ಅಕ್ಕಿ, ಬೇಳೆ, ಹಾಲು, ತರಕಾರಿ, ಗ್ಯಾಸು, ಅಡಿಗೆಯ ರಂಗಮ್ಮನ ಸಂಬಳ ಎಲ್ಲವನ್ನೂ ಕೂಡಿಸಿ ಉಣ್ಣುವ ತಲೆಗಳಿಗೆ ಸಮನಾಗಿ ಹಂಚುವುದು. ಒಂದೇ ಹೊತ್ತು ಉಣ್ಣುವವರಿಗೆ ಅರ್ಧ ಪಾಲು. ಕುದುರೆಮುಖದ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದ ಓಂಕಾರಮೂರ್ತಿಯವರು ಪ್ರತಿ ತಿಂಗಳ ಮೊದಲ ದಿನ ತಲೆಗೆ ಇಷ್ಟು ಎಂದು ಮೆಸ್ಸಿನ ಗೋಡೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ಪೆನ್ಷನ್ನಿನವರು, ಬಡ್ಡಿಯವರು, ಮಕ್ಕಳು ಕಳಿಸುವ ಎಂಓ ನಂಬಿದವರು ಎಲ್ಲರೂ ಆ ಅಂಕಿ ನೋಡಿಕೊಂಡು ಆ ತಿಂಗಳ ಮಾತ್ರೆ, ಸೋಪು, ಬಸ್‌ಚಾರ್ಜಿನ ಹಾಸಿಗೆ ಎಷ್ಟುದ್ದ, ಕಾಲು ಎಷ್ಟು ಚಾಚಬಹುದು ಎಂದು ಅಂದಾಜು ಮಾಡುತ್ತಿದ್ದರು. ನೆಂಟರು ಬಂದರೆ ಹೇಗೆ ಎಂಬ ಬಗ್ಗೆ ಯಾವ ನಿಯಮವೂ ಇರಲಿಲ್ಲ. ಅಂಥ ಜಾಗಕ್ಕೆ ನೆಂಟರು ಬರುವುದೇ ಅಪರೂಪವಾದ್ದರಿಂದ ಅದು ಯಾರಿಗೂ ಹೊಳೆದಿರಲಿಲ್ಲ.

ಗೌಡರಿಗೆ ಮಾತ್ರ ನೆಂಟರ ಬರವಿರಲಿಲ್ಲ. ಬ್ಯಾಂಕು, ಕೋರ್ಟು, ಆಸ್ಪತ್ರೆ, ಕಾಫಿ ಕ್ಯೂರಿಂಗ್ ವರ್ಕ್ಸ್ ಎಂದು ಮೂಡಿಗೆರೆ ಕಡೆಯಿಂದ ಪೇಟೆಗೆ ಬಂದವರೆಲ್ಲ ಮಧ್ಯಾಹ್ನದ ಹೊತ್ತಿಗೆ 'ಗೌಡ್ರನ್ನ ಒಂದ್ಸಲ ಮಾತಾಡ್ಸ್ಕೊಂಡು ಹೋಗಣ' ಎಂದು ಬರುತ್ತಿದ್ದರು. ತೋಟದ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರು, ಆಳುಗಳ ಮೇಸ್ತ್ರಿ, ಪಕ್ಕದ ಎಸ್ಟೇಟಿನವರು, ಅವರ ಅಳಿಯಂದಿರು. ಗೌಡರು ಅವರನ್ನು ಮೆಸ್ಸಿನ ಉದ್ದ ಬೆಂಚಿನ ಮೇಲೆ ಕೂರಿಸಿ, ತಾವೇ ಸೌಟು ಹಿಡಿದು ಬಡಿಸುತ್ತಿದ್ದರು. "ಎಲ್ಲಿದ್ರೂ ಗೌಡ್ರು ಗೌಡ್ರೇ" ಎಂದು ಅವರು ತೇಗುವಾಗ ಗೌಡರ ಎದೆ ತೋಟದ ದಿನಗಳ ಹಾಗೆ ಅರಳುತ್ತಿತ್ತು. ಅತ್ತೆ ಒಡವೆ ಅಳಿಯ ದಾನ ಮಾಡಿದ ಗಾದೆ ಅವರಿಗೂ ಗೊತ್ತಿತ್ತು. ಅದು ತಮ್ಮದೇ ಕಥೆ ಎಂದು ಮಾತ್ರ ಗೊತ್ತಿರಲಿಲ್ಲ.

ಆಗಸ್ಟಿನ ಮೊದಲ ದಿನ ಕರಿಹಲಗೆಯ ಅಂಕಿ ಸಾವಿರದ ಗೆರೆ ದಾಟಿ ನೂರೈವತ್ತು ಮೇಲೆ ನಿಂತಿತ್ತು. ಗೌಡರು ಬಂದಾಗ ಅದು ಸಾವಿರದ ಒಳಗೇ ಇತ್ತು. ಬ್ಯಾಂಕಿನ ಬಡ್ಡಿ ಇಳಿಯುತ್ತಿದ್ದ ಕಾಲ. ಗೌಡರಿಗೆ ಸಿಟ್ಟು ಬಂತು. ನೂರಾರು ಆಳುಗಳಿಗೆ ಬಟವಾಡೆ ಮಾಡಿದ ಮನುಷ್ಯ. ಕೈ ಹಿಂದೆ ಕಟ್ಟಿಕೊಂಡು, ಎಸ್ಟೇಟಿನ ಕಣದಲ್ಲಿ ನಿಂತಂತೆ ಎದ್ದು ನಿಂತರು.

"ಉಗ್ರಾಣದ ಬೀಗದ ಕೈ ಯಾರ ಹತ್ರ ಇರ್ತದೆ?"

"ರಂಗಮ್ಮನ ಹತ್ರ" ಎಂದರು ಓಂಕಾರಮೂರ್ತಿ.

"ಅಲ್ಲಿಗೆ ಗೊತ್ತಾಯ್ತಲ್ಲ. ಅಕ್ಕಿಗೇನು ಕಾಲು ಬರ್ತದಾ? ಸಂಜೆ ಹೋಗುವಾಗ ಅವಳ ಬ್ಯಾಗು ಒಂದ್ಸಲ ಬಿಚ್ಚಿ ನೋಡಿ."

ರಂಗಮ್ಮ ಅಡಿಗೆಮನೆಯ ಬಾಗಿಲಲ್ಲೇ ಇದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು. 

"ಗೌಡ್ರೇ, ಇದನ್ನ ಆಮೇಲೆ ಮಾತಾಡಣ" ಎಂದರು ಓಂಕಾರಮೂರ್ತಿ.

"ಆಮೇಲೆ ಯಾಕೆ? ಎಲ್ರ ದುಡ್ಡು. ಎಲ್ರ ಮುಂದೇನೇ ಹೇಳಿ."

ಓಂಕಾರಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಿ ಆಚೆ ಹೋಗಿಲ್ಲ ಗೌಡ್ರೇ. ಇಲ್ಲೇ ಬೆಂದು ಇಲ್ಲೇ ಖರ್ಚಾಗಿದೆ. ಹೋದ ತಿಂಗಳು ನಿಮ್ಮ ಕಡೆಯವ್ರದ್ದೇ ನೂರರ ಮೇಲೆ ಊಟ ಆಗಿದೆ."

ಕುಂಬಳಕಾಯಿ ಕಳ್ಳ ಯಾರೆಂದು ಕೂಗಿದವನ ಹೆಗಲ ಮೇಲೇ ಬೂದಿ ಕೂತಿತ್ತು. "ನಂಗೆ ಮೊದ್ಲೇ ಹೇಳ್ಬೇಕಿತ್ತಲ್ಲ" ಎಂದರು ಗೌಡರು. ದನಿ ಸಣ್ಣದಾಗಿತ್ತು.

"ಉಣ್ಣೋರ ತಟ್ಟೆ ಎಣಿಸಿ ಹೇಳೋದು ಹೇಗೆ ಅಂತ ಎಲ್ರೂ ಸುಮ್ನಿದ್ವಿ."

ಆಗ ಮೂಲೆಯಲ್ಲಿದ್ದ ಶಿವಗಂಗಮ್ಮ ಮಾತು ಮುಗಿಸಲು ನೋಡಿದರು. ದಿನಸಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದವರ ಹೆಂಡತಿ, ಈಗ ಒಬ್ಬರೇ. ತಂಗಿಯ ಮಗ ಕಳಿಸುವ ಎಂಓದಲ್ಲೇ ಅವರ ತಿಂಗಳು ಸಾಗಬೇಕು. "ಬಿಡಿ ಮೂರ್ತಿಯವ್ರೇ, ಅನ್ನ ತಾನೇ. ಉಂಡೋರು ಹರಸ್ತಾರೆ."

"ನೀವು ಸುಮ್ನಿರಿ ಅಮ್ಮ" ಎಂದು ಓಂಕಾರಮೂರ್ತಿ ರೇಗಿದರು. "ಪಾಲು ಕಟ್ಟೋಕಾಗದೆ ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೀರಿ. ಕೇಳಿದ್ರೆ ಅಜೀರ್ಣ ಅಂತೀರಿ."

ಶಿವಗಂಗಮ್ಮ ತಾವೇ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. ಗೌಡರಿಗೆ ಅದನ್ನು ನೋಡಲಾಗಲಿಲ್ಲ. ಹೋದ ತಿಂಗಳಷ್ಟೇ ಅವರು ಇದೇ ಶಿವಗಂಗಮ್ಮನಿಗೆ, "ವಯಸ್ಸಾದ್ಮೇಲೆ ರಾತ್ರಿ ಉಪವಾಸ ಬಹಳ ಒಳ್ಳೇದು ಅಮ್ಮ" ಎಂದು ಉಪದೇಶ ಮಾಡಿದ್ದರು. ಅದೂ ಹಳೆಯ ರೈಟರ ತಟ್ಟೆಗೆ ಎರಡನೇ ಸಲ ಪಾಯಸ ಬಡಿಸುತ್ತ! ಭೂಮಿ ಬಾಯಿಬಿಡಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಅದು ಬಾಯಿಬಿಡುವುದಿಲ್ಲ ಎಂಬುದೇ ಕಷ್ಟ.

ಹೊಸ ನಿಯಮವಾಯಿತು. ನೆಂಟರು ಬರುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ ಅಡಿಗೆಮನೆಗೆ ಹೇಳಬೇಕು, ಊಟಕ್ಕೆ ಇಪ್ಪತ್ತು ರೂಪಾಯಿ ಕೊಡಬೇಕು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಗೌಡರು. ಹಳೆಯದನ್ನೂ ಕಟ್ಟಿಬಿಡುತ್ತೇನೆ ಎಂದರು. "ಅದು ಬೇಡ, ಉಂಡದ್ದು ಉಂಡಾಯ್ತು" ಎಂದು ಎಲ್ಲರೂ ಒಟ್ಟಾಗಿ ಬಿಟ್ಟುಕೊಟ್ಟರು. ಬೈದಿದ್ದರೆ ಮುಖ ಕೊಟ್ಟು ಮಾತಾಡಬಹುದಿತ್ತು.

ರಂಗಮ್ಮನ ಹತ್ತಿರ ಒಂದು ಮಾತು ಹೇಳಬೇಕು ಎಂದು ಮರುದಿನ ಅಡಿಗೆಮನೆಯವರೆಗೆ ಹೋದರು. ಅವಳು ಬೀಗದ ಕೈಯನ್ನು ಓಂಕಾರಮೂರ್ತಿಯವರಿಗೆ ಒಪ್ಪಿಸಿ, ಬೆಳಿಗ್ಗೆ ಬೆಳಿಗ್ಗೆ ಅಕ್ಕಿಯನ್ನು ಅವರ ಕೈಯಿಂದಲೇ ಅಳೆಸಿಕೊಳ್ಳುತ್ತಿದ್ದಳು. ತಪ್ಪಾಯಿತು ಎನ್ನುವ ಮಾತನ್ನು ಗೌಡರು ಕೆಲಸದವರ ಹತ್ತಿರ ಜನ್ಮದಲ್ಲಿ ಆಡಿದವರಲ್ಲ. "ನೀರು ಕೊಡು ರಂಗಮ್ಮ" ಎಂದು ಕುಡಿದು ವಾಪಸು ಬಂದರು.

ಆಮೇಲೆ ಯಾರು ಬಂದರೂ ಗೌಡರು ಅವರನ್ನು ಹನ್ನೊಂದೂವರೆಗೇ ಗೇಟಿನ ಕಡೆ ನಡೆಸತೊಡಗಿದರು. ಮೇಸ್ತ್ರಿ ಬಂದು ಬಹಳ ಹೊತ್ತು ಕೂತ. ಗೌಡರು ಆಕಳಿಸಿದರು, ಗಡಿಯಾರ ನೋಡಿದರು. ಕೊನೆಗೆ ಅವನೇ ಅರ್ಥ ಮಾಡಿಕೊಂಡು ಎದ್ದ. ಸುದ್ದಿ ಬೇಗ ಹರಡಿತು. ಬರುವವರು ನಿಂತರು.

ಗೌರಿ ಹಬ್ಬದ ಮರುವಾರ, ಹನ್ನೆರಡೂವರೆಯ ಹೊತ್ತಿಗೆ ಗೇಟಿನ ಮುಂದೆ ಆಟೋ ನಿಂತಿತು. ಇಳಿದದ್ದು ಗೌಡರ ಅಕ್ಕ ದ್ಯಾವಮ್ಮ. ಕಳಸದ ಹತ್ತಿರ ಕೊಟ್ಟ ಹೆಣ್ಣು. ಮದುವೆಯಾದಂದಿನಿಂದ ಪ್ರತಿ ಗೌರಿಗೂ ತವರಿಗೆ ಬಂದು, ಉಂಡು, ಅರಿಶಿನ ಕುಂಕುಮ ತೆಗೆದುಕೊಂಡು ಹೋಗುವುದನ್ನು ತಪ್ಪಿಸಿದವರಲ್ಲ. ಎಪ್ಪತ್ತು ದಾಟಿದ ಮೇಲೂ, ಅಷ್ಟೂ ತಿರುವುಗಳ ಘಾಟಿಯಲ್ಲಿ ಬಸ್ಸು ಹಿಡಿದು ಒಬ್ಬರೇ ಬಂದಿದ್ದರು.

"ತೋಟ ಮಾರಿದ ಮೇಲೆ ತವರು ಎಲ್ಲಿ ಅಂತ ಮೊಮ್ಮಗಳು ಕೇಳಿದ್ಲು" ಎಂದು ನಗುತ್ತ ಮಂಚದ ಮೇಲೆ ಕೂತರು. "ಚನ್ನ ಎಲ್ಲಿರ್ತಾನೋ ಅದೇ ತವರು ಅಂದೆ. ಸರಿ ತಾನೇ?"

"ಸರಿ ಅಕ್ಕ" ಎಂದರು ಗೌಡರು.

ಹತ್ತು ಗಂಟೆ ಯಾವಾಗಲೋ ಕಳೆದಿತ್ತು. ಇಪ್ಪತ್ತು ರೂಪಾಯಿ ದೊಡ್ಡದಲ್ಲ, ಜೇಬಿನಲ್ಲಿತ್ತು. ಇಪ್ಪತ್ತು ಹೆಜ್ಜೆ ನಡೆದು, "ರಂಗಮ್ಮ, ನಮ್ಮಕ್ಕ ಬಂದಿದಾರೆ, ಒಂದು ಊಟ ಹೊಂದಿಸ್ತೀಯಾ" ಎಂದು ಕೇಳಬೇಕಿತ್ತು, ಅಷ್ಟೆ. ಯಾರ ಬ್ಯಾಗು ಬಿಚ್ಚಿ ನೋಡಿ ಎಂದಿದ್ದರೋ ಅವಳನ್ನು. ಎದ್ದು ಬಾಗಿಲವರೆಗೆ ಹೋದರು. ಕಿಟಕಿಯಲ್ಲಿ ಶಿವಗಂಗಮ್ಮ ನಿಧಾನವಾಗಿ ಮೆಸ್ಸಿನ ಕಡೆ ನಡೆಯುವುದು ಕಂಡಿತು. ಅದು ಅವರ ದಿನದ ಒಂದೇ ಊಟ. ಗೌಡರ ಕಾಲು ಅಲ್ಲೇ ನಿಂತಿತು.

"ಇವತ್ತು ಮೆಸ್ಸಿಗೆ ರಜ ಅಕ್ಕ" ಎಂದು ಅವರ ಬಾಯಿ ಹೇಳಿತು. "ಅಡಿಗೆಯವಳು ಬಂದಿಲ್ಲ. ಅವಳದ್ದು ಯಾವಾಗ್ಲೂ ಇದೇ ಗೋಳು."

ಮಾತು ಮುಗಿಯುವುದಕ್ಕೂ ಮೆಸ್ಸಿನ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ತಟ್ಟೆಗಳ ಸದ್ದು ಕೇಳಿಸಿತು. ಎಲ್ಲರೂ ಬನ್ನಿ, ಸಾರು ಆರ್ತದೆ ಎಂದು ರಂಗಮ್ಮ ಕೂಗಿದ್ದು ಇನ್ನೂ ಚೆನ್ನಾಗಿ ಕೇಳಿಸಿತು. ಅಕ್ಕ ತಮ್ಮ ಇಬ್ಬರೂ ಕಿವುಡರ ಹಾಗೆ ಕೂತರು.

"ನಂದು ಆಯ್ತು ಕಣೋ" ಎಂದರು ದ್ಯಾವಮ್ಮ. "ಬಸ್‌ಸ್ಟ್ಯಾಂಡಲ್ಲೇ ತಿಂದ್ಕೊಂಡು ಬಂದೆ. ನೀನೇನೂ ತಲೆ ಕೆಡಿಸ್ಕೊಬೇಡ."

ತಂದಿದ್ದ ಚೀಲವನ್ನು ಅವರು ಬಿಚ್ಚಿದರು. ಬಿದಿರಿನ ಕಳಲೆಯ ಉಪ್ಪಿನಕಾಯಿ, ತಮ್ಮನಿಗೆ ಇಷ್ಟವೆಂದು ಬೆಳಗಿನ ಜಾವ ಎದ್ದು ಬೇಯಿಸಿದ ಕಡುಬು. ಗೌಡರು ಹುಡುಕಾಡಿ ಒಂದು ನೂರರ ನೋಟನ್ನು ಅರಿಶಿನ ಕುಂಕುಮಕ್ಕೆಂದು ಕೈಗಿಟ್ಟರು. ದ್ಯಾವಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದರು. ಎದ್ದು ನಿಂತು ಒಂದು ಗಳಿಗೆ ತಡೆದರು. ತಮ್ಮನ ಬಾಯಿಂದ ಬರಬೇಕಾದ ಆ ಮಾತಿನ ಅಭ್ಯಾಸ ಅವರಿಗೂ ಇತ್ತು. ಅದು ಬರಲಿಲ್ಲ.

ಆಟೋ ಹತ್ತಿಸಿ ಬಂದ ಗೌಡರು ಮೆಸ್ಸಿಗೆ ಹೋದರು. ಅವರ ಜಾಗದಲ್ಲಿ ತಟ್ಟೆ ಇತ್ತು. ಪಕ್ಕದಲ್ಲಿ ಇನ್ನೊಂದು ತಟ್ಟೆ, ಲೋಟದಲ್ಲಿ ನೀರು.

"ಅಕ್ಕಾವ್ರು ಎಲ್ಲಿ?" ಎಂದಳು ರಂಗಮ್ಮ. "ಆಟೋ ಇಳಿದು ತಮ್ಮನ ಮನೆ ಯಾವ್ದು ಅಂತ ಕೇಳ್ತಿದ್ದದ್ದು ಕೇಳಿಸ್ತು. ಅವಾಗ್ಲೇ ಇನ್ನೊಂದು ಪಾವು ಅಕ್ಕಿ ಅಳೆಸ್ಕೊಂಡು ಹಾಕಿದೀನಿ. ಹತ್ತು ಗಂಟೆ ಮೀರಿದೆಯಲ್ಲ ಅಂತ ಮೂರ್ತಿಯವ್ರು ಅಂದ್ರೆ, ಶಿವಗಂಗಮ್ಮಾವ್ರು, ನನ್ನ ಲೆಕ್ಕಕ್ಕೆ ಬರ್ಕೊಳ್ಳಿ, ತವರಿಗೆ ಬಂದೋರು ಅಂದ್ರು."

ಶಿವಗಂಗಮ್ಮ ತಮ್ಮ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಗೌಡರು ತಿರುಗಿ ಹೊರಗೆ ಬಂದರು. ಚಪ್ಪಲಿ ಮೆಟ್ಟಿದ್ದಾರೋ ಇಲ್ಲವೋ ಎಂಬ ಪರಿವೆಯೂ ಇಲ್ಲದೆ ರಸ್ತೆಗಿಳಿದು ಸಿಕ್ಕ ಆಟೋ ಹತ್ತಿದರು.

ಕಳಸದ ಬಸ್ಸು ಇನ್ನೂ ನಿಂತಿತ್ತು. ಕಿಟಕಿ ಪಕ್ಕ ದ್ಯಾವಮ್ಮ. ಕೈಯಲ್ಲಿ ಬೇಕರಿಯ ಬನ್ನು, ಅರ್ಧ ತಿಂದದ್ದು. ತಮ್ಮನನ್ನು ಕಂಡವರೇ ಅದನ್ನು ಸೆರಗಿನ ಕೆಳಗೆ ಸರಿಸಿದರು.

"ಇಳಿ ಅಕ್ಕ. ಬಾ. ತಟ್ಟೆ ಹಾಕಿದಾರೆ. ನಾನು ಸುಳ್ಳು ಹೇಳ್ದೆ."

"ಗೊತ್ತಾಯ್ತು ಬಿಡೋ. ಈ ಬಸ್ಸು ತಪ್ಪಿದ್ರೆ ಕತ್ತಲಾಗ್ತದೆ, ಮನೇಲಿ ಗಾಬರಿ ಬೀಳ್ತಾರೆ." ಡ್ರೈವರು ಹತ್ತಿ ಕೂತ. ಇಂಜಿನ್ ಸದ್ದಿಗೆ ದ್ಯಾವಮ್ಮ ಕಿಟಕಿಯಿಂದ ಮುಖ ಹೊರಗೆ ತಂದರು. "ಚನ್ನ, ಸೊಸೆ ಕೇಳ್ತಾಳೆ, ತವರಲ್ಲಿ ಏನು ಅಡಿಗೆ ಮಾಡ್ಸಿದ್ರು ಅಂತ. ಪ್ರತಿ ಸಲಾನೂ ಕೇಳ್ತಾಳೆ. ಏನು ಹೇಳ್ಲಿ?"

ಗೌಡರು ಮೆಸ್ಸಿನಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳಿದರು. "ಹುರುಳಿಕಾಳಿನ ಸಾರು. ಹೀರೇಕಾಯಿ ಪಲ್ಯ. ಹಪ್ಪಳ ಕರಿದಿದ್ರು. ಮಜ್ಜಿಗೆ."

"ಪಾಯಸ?"

"ಇರ್ಲಿಲ್ಲ ಅಕ್ಕ."

ಬಸ್ಸು ಜರುಗಿತು. "ಇತ್ತು ಅಂತ ಹೇಳ್ತೀನಿ ಬಿಡು" ಎಂದರು ದ್ಯಾವಮ್ಮ. "ಎರಡು ಸಲ ಬಡಿಸ್ದ ಅಂತ ಹೇಳ್ತೀನಿ."