ನಾಲ್ಕನೆಯ ನಿಮಿಷದ ದನಿ

ನನ್ನ ಮೈ ದಾಂಡೇಲಿಯ ಪ್ಲೈವುಡ್ಡು, ಎದೆಯ ಕಾಗದ ಹುಬ್ಬಳ್ಳಿಯದು, ಬುದ್ಧಿ ಮಾತ್ರ ಸಮುದ್ರದಾಚೆಯದು. ನಾನೊಂದು ಸ್ಪೀಕರ್ ಪೆಟ್ಟಿಗೆ. ಮದುವೆಮನೆಯ ಕಂಬಕ್ಕೆ ಕಟ್ಟುವ ಕೀಚಲು ದನಿಯ ಕಹಳೆ ನಾನಲ್ಲ. ಅದನ್ನು ನೆನೆದರೆ ಇಂದಿಗೂ ನನಗೆ ನಗು ಬರುತ್ತದೆ. ನಾನು ಆಳೆತ್ತರದವನು. ನನ್ನನ್ನು ಎತ್ತಲು ಮೂವರು ಬೇಕಿತ್ತು. ನಾನು ಬಾಯಿ ತೆರೆದರೆ ಎದುರು ನಿಂತವರ ಅಂಗಿಯ ಗುಂಡಿ ನಡುಗುತ್ತಿತ್ತು. ಈಗ ನನ್ನ ಹೊಟ್ಟೆಯಲ್ಲಿ ಒಂದು ಕೋಳಿ ಕಾವಿಗೆ ಕೂತಿದೆ. ಅದರ ವಿಷಯ ಆಮೇಲೆ.

ನನ್ನನ್ನು ಮಾಡಿದವನು ಇನಾಸ ಸಿದ್ದಿ, ಹಳಿಯಾಳದ ಕಾಡಂಚಿನ ಗಡಗೇರಿಯವನು. ಹರೆಯದಲ್ಲಿ ಗೋವೆಗೆ ಹೋಗಿ, ಸರಕು ಹಡಗೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದ. ಹಡಗು ಜಮೈಕಾ ಎಂಬ ದ್ವೀಪದಲ್ಲಿ ನಿಂತಾಗ ಪೇಟೆಗೆ ಇಳಿದವನು, ಬೀದಿಯಲ್ಲಿ ಗೋಡೆಯಂತೆ ಪೇರಿಸಿದ್ದ ನನ್ನಂಥ ಪೆಟ್ಟಿಗೆಗಳನ್ನು ಕಂಡ. ಅವುಗಳಿಂದ ಬರುತ್ತಿದ್ದ ಹಾಡಿನಲ್ಲಿ ಹಾಡುವವರೇ ಇರಲಿಲ್ಲ. ಡೋಲು ಮತ್ತು ದಪ್ಪ ತಂತಿಯ ನಾದ, ಅಷ್ಟೆ. ಬಹಳ ಹೊತ್ತಿನ ಮೇಲೆ ಒಂದು ದನಿ ಇಣುಕಿ, ಬಾವಿಯೊಳಗೆ ಕೂಗಿದ ಹಾಗೆ ಮರಳಿ ಮರಳಿ ಕೇಳಿಸಿ, ಹೊರಟುಹೋಗುತ್ತಿತ್ತು. ಅಲ್ಲಿಯ ರೆಗೆ ಹಾಡುಗಳನ್ನು ಹೀಗೆ ಬಿಚ್ಚಿ ಕಟ್ಟುವುದಕ್ಕೆ ಡಬ್ ಎನ್ನುತ್ತಿದ್ದರು. ಇನಾಸನಿಗೆ ಅದು ಹೊಸದೆನಿಸಲೇ ಇಲ್ಲ. ತನ್ನ ಕೇರಿಯ ದಮಾಮಿ ಡೋಲೇ ಸಮುದ್ರ ದಾಟಿ ತನಗಿಂತ ಮೊದಲು ಬಂದು ಕೂತಿದೆ ಎನಿಸಿ, ನಿಂತಲ್ಲೇ ಅತ್ತನಂತೆ.

ಅಲ್ಲಿ ಪೆಟ್ಟಿಗೆ ಪೇರಿಸಿ ಹಾಡು ಹಾಕುವ ಸೌಂಡಿನವರಿಂದ ಅವನು ಎರಡು ಪಾಠ ಕಲಿತು ಬಂದ. ಒಂದು, ತಟ್ಟೆಯ ಮೇಲೆ ಬರೆದ ಹಾಡಿನ ಹೆಸರನ್ನು ಕೆರೆದು ಹಾಕಬೇಕು. ಎದುರಾಳಿ ಸೌಂಡಿನವನು ಬಗ್ಗಿ ನೋಡಿದರೂ ಅದು ಯಾವುದೆಂದು ತಿಳಿಯಬಾರದು. ಎರಡು, ಎಲ್ಲಕ್ಕಿಂತ ಒಳ್ಳೆಯದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಈ ಎರಡೂ ಪಾಠ ಅವನಿಗೆ ದಕ್ಕಿದವು. ದಕ್ಕಬಾರದಿತ್ತು.

ನಮ್ಮ ಮೊದಲ ಮದುವೆಯಲ್ಲಿ ನನಗೆ ಮರ್ಯಾದೆಯೇ ಸಿಗಲಿಲ್ಲ. "ಹಾಡು ಎಲ್ಲೈತೋ ಇನಾಸಾ? ಊಟಕ್ಕ ಕರದು ಬರೇ ಎಲಿ ಹಾಕಿದಂಗಾತು!" ಎಂದು ಮದುಮಗನ ಸೋದರಮಾವನೇ ಅಂಗಳದಲ್ಲಿ ಹಂಗಿಸಿದ. ಇನಾಸ ತಲೆ ಎತ್ತಲಿಲ್ಲ, ಗುಂಡಿ ತಿರುಗಿಸುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಮುದುಕಿಯರ ಕಾಲು ತಾವಾಗಿಯೇ ನೆಲ ತಟ್ಟಿದವು. ಮಧ್ಯಾಹ್ನದ ಊಟ ತಣ್ಣಗಾಯಿತು, ಯಾರೂ ಕುಣಿತ ಬಿಟ್ಟು ಹೋಗಲಿಲ್ಲ. ಐದು ವರ್ಷದಲ್ಲಿ ಯಲ್ಲಾಪುರ, ಮುಂಡಗೋಡ, ಕಲಘಟಗಿಯಲ್ಲೆಲ್ಲ ನನ್ನ ಅಳತೆಯ ಪೆಟ್ಟಿಗೆಗಳು ಹುಟ್ಟಿಕೊಂಡವು. ಇವತ್ತು ಮೆರವಣಿಗೆಯ ಗಾಡಿಗಳು ಎದೆಗೆ ಗುದ್ದುತ್ತಾ ಹೋಗುತ್ತವಲ್ಲ, ಆ ಗುದ್ದನ್ನು ನಮ್ಮ ಸೀಮೆಗೆ ತಂದವನು ಇನಾಸ. ಅವನ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲದರ ಹೆಸರನ್ನೂ ಬ್ಲೇಡಿನಿಂದ ಕೆರೆದವನ ಹೆಸರು ಉಳಿಯುವುದಾದರೂ ಹೇಗೆ?

ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅವನ ಅರವತ್ತೊಂದು ಕ್ಯಾಸೆಟ್ಟುಗಳಿದ್ದವು. ಎಲ್ಲವೂ ಬೋಳು. ಯಾವುದರಲ್ಲಿ ಏನಿದೆ ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಮತ್ತು ನನ್ನ ಎದೆಯಲ್ಲಿ.

ಅವುಗಳಲ್ಲಿ ಒಂದು ಅವನ ಹೆಂಡತಿ ಕತ್ರೀನಳದು. ಅವಳು ಅಂಗಳದಲ್ಲಿ ಅಕ್ಕಿ ಕೇರುತ್ತಾ ಹಾಡುತ್ತಿದ್ದಾಗ ಇನಾಸ ಮೈಕು ಹಿಡಿದಿದ್ದ. ಹಾಡಿನ ನಡುವೆ ಅವಳು ಅಂಬೆಗಾಲಿಡುತ್ತಿದ್ದ ಮಗಳನ್ನು, "ಫಿಲೂ, ಬಾರವ್ವಾ, ಬಾ" ಎಂದು ಕರೆದಳು. ಇನಾಸ ಹಾಡನ್ನೆಲ್ಲ ತೆಗೆದುಬಿಟ್ಟ, ಆ ಕರೆಯನ್ನು ಮಾತ್ರ ಉಳಿಸಿಕೊಂಡ. ದಮಾಮಿ ಮೂರು ನಿಮಿಷಕ್ಕೂ ಹೆಚ್ಚು ಒಂದೇ ಸಮನೆ ನಡೆಯುತ್ತದೆ, ನಾಲ್ಕನೆಯ ನಿಮಿಷದಲ್ಲಿ ಅವಳ "ಬಾ" ಬರುತ್ತದೆ, ದೂರ ದೂರ ಹೋಗುತ್ತಾ ಏಳೆಂಟು ಸಲ ಕೇಳುತ್ತದೆ.

"ನನ್ ದನಿ ಎಲ್ಲಿ ಹೋತು? ಬರೇ ಢಂ ಢಂ ಐತಿ," ಎಂದು ಕತ್ರೀನ ಮುನಿಸಿಕೊಂಡಿದ್ದಳು.

"ಕಾಯ್ಬೇಕು. ಕಾದ್ರ ಬರ್ತೈತಿ," ಎಂದಿದ್ದ ಇನಾಸ.

ಮರುವರ್ಷ ಜ್ವರ ಬಂದು ಅವಳು ಹೋದಳು. ಫಿಲೋಮಿನಾಗೆ ತಾಯಿಯ ಮುಖ ಒಂದು ಫೋಟೋದಲ್ಲಿ ಸಿಕ್ಕಿತು, ದನಿ ಎಲ್ಲಿಯೂ ಸಿಗಲಿಲ್ಲ. ದೊಡ್ಡವಳಾದ ಮೇಲೆ ಎಷ್ಟು ಸಲ ಕೇಳಿದಳೋ! ಇನಾಸನ ಉತ್ತರ ಒಂದೇ: "ನಿಮ್ಮವ್ವನ ದನಿ ನನ್ ಹಂತ್ಯಾಕ ಐತಿ. ನಿನ್ ಮದ್ವಿ ದಿನ, ಎಲ್ಲಾರ ಮುಂದ ಕೇಳಸ್ತೀನಿ." ಫಿಲು ಹಾಸ್ಟೆಲಿನಲ್ಲಿದ್ದ ದಿನಗಳಲ್ಲಿ ಅವನು ಒಬ್ಬನೇ ಅದನ್ನು ಹಾಕಿಕೊಂಡು ನನ್ನ ಎದೆಗೆ ಹಣೆಯಾನಿಸಿ ಕೂರುತ್ತಿದ್ದ. ಈಗಲೇ ಕೇಳಿಸಿಬಿಡೋ ಹುಚ್ಚಾ, ಎಂದು ನಾನು ಎಷ್ಟೋ ಸಲ ಅಂದುಕೊಂಡೆ. ಆದರೆ ನನ್ನದು ಬಾಯಿ ಮಾತ್ರ, ಮಾತು ಇನ್ನೊಬ್ಬರದು.

ಫಿಲುವಿನ ಮದುವೆಗೆ ಒಂದು ತಿಂಗಳಿದೆ ಎನ್ನುವಾಗ ಇನಾಸನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಗೆಯೂ ಬಿದ್ದುಹೋಯಿತು. ಕಣ್ಣು ಮತ್ತು ಎಡಗೈ ಮಾತ್ರ ಅವನ ಹತ್ತಿರ ಉಳಿದವು.

ಫಿಲು ಡಬ್ಬಿಯನ್ನು ತಂದು ಮಂಚದ ಹತ್ತಿರ ಸುರಿದಳು. ಒಂದೊಂದೇ ಕ್ಯಾಸೆಟ್ಟನ್ನು ಅಪ್ಪನ ಮುಖದ ಮುಂದೆ ಹಿಡಿದು, "ಇದಾ ಅಪ್ಪಾ? ಇದಾ?" ಎಂದು ಕೇಳಿದಳು. ಎಲ್ಲವೂ ಒಂದೇ ಬಣ್ಣ, ಒಂದೇ ಬೋಳು. ಅವನ ಕಣ್ಣು ಒದ್ದೆಯಾಗುತ್ತಿತ್ತೇ ಹೊರತು ಯಾವುದರ ಮೇಲೂ ನಿಲ್ಲಲಿಲ್ಲ. ತನ್ನ ಜಾಣತನಕ್ಕೆ ತಾನೇ ಸಿಕ್ಕಿಬಿದ್ದಿದ್ದ. ಕೊನೆಗೆ ಅವಳು ಒಂದೊಂದನ್ನೇ ಹಾಕಿ ಕೇಳತೊಡಗಿದಳು. ಎಲ್ಲದರಲ್ಲೂ ಢಂ ಢಂ. ಹಾಡಿದ್ದರೆ ಮೊದಲಿಗೇ ದನಿ ಇರುತ್ತದೆ ಎಂದುಕೊಂಡು ಎರಡು ನಿಮಿಷ ಕೇಳಿ ತೆಗೆದಿಡುತ್ತಿದ್ದಳು. ಡಬ್ ಎಂದರೇನೆಂದು ಇನಾಸ ಊರಿಗೆಲ್ಲ ಕಲಿಸಿದ್ದ, ಮಗಳಿಗೆ ಕಲಿಸಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ, ಡಬ್ಬಿ ಬರಿದಾಗುತ್ತಾ ಬಂದಾಗ, ಕತ್ರೀನಳದು ಬಂತು. ದಮಾಮಿಯ ಮೊದಲ ಏಟಿಗೇ ನನಗೆ ಗುರುತು ಸಿಕ್ಕಿತು. ಇನಾಸನಿಗೂ ಸಿಕ್ಕಿತು. ಎರಡು ನಿಮಿಷ ಕಳೆಯಿತು. ಫಿಲು ರೊಟ್ಟಿಯ ಹಿಟ್ಟು ನಾದುತ್ತಿದ್ದಳು, ಕೈ ತೊಳೆಯುವಷ್ಟು ಹೊತ್ತು ತಡವಾಯಿತು. ಮೂರು ನಿಮಿಷವಾಯಿತು. ಇನಾಸ ಎಡಗೈಯಿಂದ ಮಂಚವನ್ನು ಬಡಿಯತೊಡಗಿದ, ಗಂಟಲಿನಿಂದ ಏನೋ ಕೂಗಿದ. ಇದೇ, ಇದೇ, ಬಿಡು, ಕಾಯಿ, ಎಂದು ಅವನು ಹೇಳುತ್ತಿದ್ದುದು ನನಗೆ ತಿಳಿಯುತ್ತಿತ್ತು.

"ತಪ್ಪಾತಪ್ಪಾ, ತಪ್ಪಾತು! ಗದ್ದಲ ಮಾಡಬ್ಯಾಡ ಅಂತ ಡಾಕ್ಟರ್ ಹೇಳಿದ್ರು," ಎನ್ನುತ್ತಾ ಫಿಲು ಓಡಿ ಬಂದು ಬಂದ್ ಮಾಡಿದಳು.

ಇನ್ನು ಹತ್ತು ಎಣಿಸಿದ್ದರೆ ಸಾಕಿತ್ತು. ದಮಾಮಿಯ ಒಂದು ಪೆಟ್ಟು ನನ್ನ ಎದೆಯಲ್ಲಿ ಅರ್ಧಕ್ಕೆ ನಿಂತಿತು, ಅದು ಇವತ್ತಿಗೂ ಇಳಿದಿಲ್ಲ. ಇನಾಸ ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಸೆರಗಿನಿಂದ ಅವನ ಕಣ್ಣೊರೆಸಿ, "ಇನ್ಮ್ಯಾಲ ಹಚ್ಚಂಗಿಲ್ಲ, ಅಳಬ್ಯಾಡ" ಎಂದಳು. ಆಡಿದ ಮಾತು ಉಳಿಸಿಕೊಂಡಳು, ಮತ್ತೆ ಹಚ್ಚಲಿಲ್ಲ. ಮದುವೆ ವಾಲಗವಿಲ್ಲದೆ, ನಾನಿಲ್ಲದೆ ಮುಗಿಯಿತು. ಮಳೆಗಾಲಕ್ಕೆ ಮೊದಲೇ ಇನಾಸನೂ ಮುಗಿದ.

ಫಿಲುವಿನ ಗಂಡ ಒಳ್ಳೆಯವನು. ನನ್ನನ್ನು ಸುಡದೆ ಕೋಳಿಗೂಡು ಮಾಡಿದ. ನನ್ನ ಎದೆಯ ಕಾಗದ ಹರಿದಿದೆ, ಅಯಸ್ಕಾಂತವನ್ನು ಯಾರೋ ಒಯ್ದಿದ್ದಾರೆ. ಗೋವಿನಜೋಳ ತೆನೆ ಕಟ್ಟಿದಾಗ ಗಿಳಿಗಳ ಹಾವಳಿ ಹೆಚ್ಚಾಯಿತು. ನಮ್ಮ ಕಡೆ ಗಿಳಿಗಳನ್ನು ಓಡಿಸಲು ಹಳೆಯ ಕ್ಯಾಸೆಟ್ಟಿನ ರೀಲನ್ನು ಹೊಲದ ಸುತ್ತ ಗೂಟದಿಂದ ಗೂಟಕ್ಕೆ ಬಿಗಿಯುತ್ತಾರೆ. ಅದು ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ಗುಡುತ್ತದೆ. ಗಂಡ ಡಬ್ಬಿ ತೋರಿಸಿ ಕೇಳಿದಾಗ ಫಿಲು ಅದರ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ತಗೊಂಡು ಹೋಗು," ಎಂದಳು ಆಮೇಲೆ. "ಅವ್ವನ ದನಿ ಅದರಾಗ ಇರ್ಲೇ ಇಲ್ಲ. ನನಗ ಸಮಾಧಾನ ಆಗ್ಲಿ ಅಂತ ಅಪ್ಪ ಸುಳ್ಳ ಹೇಳಿದ್ದ."

ಅರವತ್ತೊಂದೂ ಬಿಚ್ಚಿಕೊಂಡವು. ಇನಾಸನ ಇಡೀ ಬಾಳು ಈಗ ಹೊಲದ ಸುತ್ತ ಬೇಲಿಯಾಗಿದೆ. ಮಾಡಿದವನು ಸುಳ್ಳುಗಾರನಾಗಿ ಮಣ್ಣಾದ. ಅವನು ನಿಜ ಹೇಳಿದ್ದ ಎನ್ನಲು ಇರುವ ಒಬ್ಬನೇ ಸಾಕ್ಷಿಯಾದ ನನ್ನೊಳಗೆ ಕೋಳಿ ಮೊಟ್ಟೆಯಿಟ್ಟಿದೆ.

ನಾನು ಕೂತಲ್ಲಿಂದ ಹೊಲ ಕಾಣುತ್ತದೆ. ಇವತ್ತು ಮಧ್ಯಾಹ್ನ ಫಿಲು ಕಳೆ ಕೀಳುತ್ತಿದ್ದಾಗ ಗಾಳಿ ಎದ್ದಿತು, ರೀಲುಗಳೆಲ್ಲ ಒಟ್ಟಿಗೆ ಗುಂಯ್ಗುಟ್ಟಿದವು. ಎಡಬದಿಯ ಮೂರನೆಯ ಗೂಟದಿಂದ ನಾಲ್ಕನೆಯ ಗೂಟದವರೆಗೆ ಬಿಗಿದಿರುವ ರೀಲಿನಲ್ಲಿ ಕತ್ರೀನ ಕರೆದ ಅವಳ ಹೆಸರಿರಬಹುದು. ಅಥವಾ ಬೇರೆ ಯಾವುದೋ ಗೂಟದಲ್ಲಿ. ಈಗ ನನಗೂ ಗೊತ್ತಿಲ್ಲ. ಅವಳು ಸೊಂಟ ನೆಟ್ಟಗೆ ಮಾಡಿ ನಿಂತು, ಒಂದು ಗಳಿಗೆ ಕೇಳಿ, ಎರಡೂ ಕಿವಿಗೆ ಸೆರಗು ಬಿಗಿದುಕೊಂಡು ಮತ್ತೆ ಬಗ್ಗಿದಳು.